ನ್ಯೂಕ್ಲಿಯೊಟೈಡು ಮತ್ತು ಡಿಎನ್‌ಎ: ಬೆಂಗಳೂರಿನ ಉತ್ತರಭಾಗದ ಅಧ್ಯಯನಗಳು

ನ್ಯೂಕ್ಲಿಯೊಟೈಡು ಎಂದರೆ ನೈಟ್ರೊಜನ್ನುಳ್ಳ ಒಂದು ಪ್ರತ್ಯಾಮ್ಲ, ಐದು ಇಂಗಾಲ ಪರಮಾಣುಗಳ ಒಂದು ಶರ್ಕರ, ಒಂದು ಅಥವಾ ಅದಕ್ಕಿಂತ ಹೆಚ್ಚು ಫಾಸ್ಫೇಟು ಇವು ಕೂಡಿ ಆದ ರಾಸಾಯನಿಕ ಘಟಕ. ಈ ಘಟಕಗಳು ಫಾಸ್ಫೇಟಿನ ಮೂಲಕ ಒಂದಕ್ಕೊಂದು ಬೆಸೆದುಕೊಂಡು ಬೆಳೆದಾಗ ನ್ಯೂಕ್ಲಿಯಿಕ್ ಆಮ್ಲಗಳೆಂಬ ದೀರ್ಘಾಣುಗಳು ಉಂಟಾಗುವುವು. ಅವುಗಳಲ್ಲಿ ಡಿಆಕ್ಸಿರೈಬೊನ್ಯೂಕ್ಲಿಯಿಕ್ ಆಮ್ಲ, ಅಂದರೆ ಡಿಎನ್‌ಎ, ಕೆಲವು ವೈರಸ್ಸುಗಳನ್ನು ಬಿಟ್ಟರೆ ಸಮಸ್ತ ಜೀವಿಗಳಲ್ಲಿಯೂ ಆನುವಂಶಿಕ ಗುಣಗಳಿಗೆ ಆಧಾರದ್ರವ್ಯ. ರೈಬೊನ್ಯೂಕ್ಲಿಯಿಕ್ ಆಮ್ಲ, ಅಂದರೆ ಆರ್‌ಎನ್‌ಎ, ಆ ಗುಣಗಳು ಪ್ರೋಟೀನುಗಳ ಮುಖಾಂತರ ವ್ಯಕ್ತವಾಗುವುದಕ್ಕೆ ಸಾಧನ.

ಬೆಂಗಳೂರಿನ ಉತ್ತರಭಾಗದಲ್ಲಿ, ಯಶವಂತಪುರದ ಮಗ್ಗುಲಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಮೊದಲ್ಗೊಂಡು ಹೆಬ್ಬಾಳ, ಜಕ್ಕೂರುಗಳನ್ನು ಹಾದು ಯಲಹಂಕದವರೆಗೆ ಹಬ್ಬಿರುವ ಹಲವು ಸಂಸ್ಥೆಗಳಲ್ಲಿ ಈ ಅಣುಗಳ ಅಧ್ಯಯನ ಅರ್ಧ ಶತಮಾನಕ್ಕೂ ಮಿಕ್ಕ ಕಾಲದಿಂದ ನಡೆದುಬಂದಿದೆ. ಮೊದಲಿನ ಅವಧಿಯಲ್ಲಿ ಇಲ್ಲಿಯ ವಿಜ್ಞಾನಿಗಳ ಗಮನವೆಲ್ಲ ಡಿಎನ್‌ಎಯ ಆಕಾರದ ಮೇಲೆ ನೆಟ್ಟಿತ್ತು. ಅದರಲ್ಲಿ ಅಡಗಿರುವ, ಪ್ರತ್ಯಾಮ್ಲಗಳ ಕ್ರಮವೆಂಬ ಅಕ್ಷರಸಾಲನ್ನು ಓದುವ ಕಾರ್ಯ ಅನಂತರದ್ದು. ಪ್ರಸ್ತುತ ಲೇಖನ ಈ ಅಣುಗಳ ಸಾಮಾನ್ಯ ಪರಿಚಯದೊಡನೆ ಇಲ್ಲಿಯ ಸಂಶೋಧನೆಯನ್ನು ವಿಶೇಷವಾಗಿ ನಿರೂಪಿಸುತ್ತದೆ.

ಇತಿಹಾಸ

1869ರಲ್ಲಿ ಸ್ವಿಸ್ ವೈದ್ಯ ಫ್ರೀಡ್ರಿಶ್ ಮೀಷರ್ ಅವರು ಜರ್ಮನಿಯ ಟ್ಯೂಬಿಂಗೆನ್ ನಗರದಲ್ಲಿ, ಆಸ್ಪತ್ರೆಯಿಂದ ಬಂದ ಬ್ಯಾಂಡೇಜುಗಳಲ್ಲಿಯ ಕೀವಿನ ಜೀವಕೋಶಗಳಿಂದ ರಂಜಕಭರಿತವಾದ ಒಂದು ವಸ್ತುವನ್ನು ಬೇರ್ಪಡಿಸಿ, ಅದು ಕೋಶಕೇಂದ್ರದಿಂದ ದೊರೆತ ಕಾರಣ ಅದಕ್ಕೆ ನ್ಯೂಕ್ಲೀನ್ ಎಂದು ಹೆಸರಿಟ್ಟರು. ಆಲ್ಬ್ರೆಕ್ಟ್ ಕೊಸ್ಸೆಲ್ ಮತ್ತು ಅವರ ಶಿಷ್ಯರು ಅದರೊಳಗಿನ ಪ್ರತ್ಯಾಮ್ಲಗಳನ್ನು ನಿರ್ಧರಿಸಿದರು. ಫೀಬಸ್ ಲೆವೀನ್ ಅವರು 1909ರಲ್ಲಿ ರೈಬೋಸ್ ಶರ್ಕರವನ್ನೂ 1929ರಲ್ಲಿ ಡಿಆಕ್ಸಿರೈಬೋಸ್ ಶರ್ಕರವನ್ನೂ ಗುರುತಿಸಿದರು. ಆದರೆ ನಾಲ್ಕು ಪ್ರತ್ಯಾಮ್ಲಗಳು ಸಮಪ್ರಮಾಣದಲ್ಲಿ ಒಂದೇ ಕ್ರಮದಲ್ಲಿ ಮರಳಿ ಮರಳಿ ಬರುತ್ತವೆಂಬ ಅವರ ಊಹೆ, ಇಷ್ಟು ಏಕತಾನವಾದ ವಸ್ತು ಆನುವಂಶಿಕತೆಯನ್ನು ಹೊರಲಾರದೆಂಬ ಭಾವನೆಯನ್ನು ಬಲಪಡಿಸಿ, ಈ ಶಾಸ್ತ್ರದ ಮುನ್ನಡೆಯನ್ನು ಬಹುಕಾಲ ತಡೆಹಿಡಿಯಿತು. 1944ರಲ್ಲಿ ಏವರಿ, ಮ್ಯಾಕ್‌ಲಿಯಾಡ್, ಮೆಕಾರ್ಟಿ ಇವರು ಒಂದು ಬಗೆಯ ಬ್ಯಾಕ್ಟೀರಿಯದ ಗುಣ ಇನ್ನೊಂದಕ್ಕೆ ಸಂಕ್ರಮಿಸುವುದು ಡಿಎನ್‌ಎಯ ಮೂಲಕವೇ ಎಂದು ಸಿದ್ಧಪಡಿಸಿದ ಮೇಲೆ ಆ ಭಾವನೆ ಸಡಿಲವಾಯಿತು. 1950ರ ಸುಮಾರಿಗೆ ಎರ್ವಿನ್ ಶಾರ್‌ಗಾಫ್ ಅವರು ಈ ನಾಲ್ಕು ಪ್ರತ್ಯಾಮ್ಲಗಳ ಪೈಕಿ ಅಡೆನೀನು ಥೈಮೀನಿಗೂ ಗ್ವಾನೀನು ಸೈಟೊಸೀನಿಗೂ ಪ್ರಮಾಣದಲ್ಲಿ ಸಮವೆಂದು ತೋರಿಸಿದರು. ರೋಸಲಿಂಡ್ ಫ್ರ್ಯಾಂಕ್ಲಿನ್ ಮತ್ತು ಅವರ ಶಿಷ್ಯ ರೇಮಂಡ್ ಗಾಸ್ಲಿಂಗ್ 1952ರಲ್ಲಿ ಪಡೆದ ಕ್ಷ-ಕಿರಣ ಚಿತ್ರಗಳು ಸುರುಳಿಯ ಕುರುಹನ್ನು ಸ್ಪಷ್ಟಪಡಿಸಿದುವು. ಇವೆಲ್ಲವನ್ನೂ ಕೂಡಿಸಿ ಜೇಮ್ಸ್ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ 1953ರಲ್ಲಿ ದ್ವಿಸುರುಳಿಯ ಮಾದರಿಯನ್ನು ಪ್ರಕಟಿಸಿದರು.

ಈ ಇತಿಹಾಸದಲ್ಲಿ ಭಾರತೀಯರ ಹೆಸರುಗಳೂ ಉಂಟು. ಆಂಧ್ರದ ಭೀಮವರಂನಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಸೈರಸ್ ಫಿಸ್ಕ್ ಅವರೊಡನೆ ಹಾರ್ವರ್ಡಿನಲ್ಲಿ, ಜರ್ಮನಿಯ ಕಾರ್ಲ್ ಲೋಮನ್ ಅವರು ಸ್ವತಂತ್ರವಾಗಿ, 1929ರಲ್ಲಿ ಸ್ನಾಯುಗಳಿಂದ ಅಡೆನೊಸಿನ್ ಟ್ರೈಫಾಸ್ಫೇಟು, ಅಂದರೆ ಎಟಿಪಿ, ಎಂಬ ನ್ಯೂಕ್ಲಿಯೊಟೈಡನ್ನು ಬೇರ್ಪಡಿಸಿದರು. ಹರಗೋವಿಂದ ಖೊರಾನಾ ಅವರು ಕ್ರಮ ಗೊತ್ತಿರುವ ನ್ಯೂಕ್ಲಿಯೊಟೈಡು ಸರಪಳಿಗಳನ್ನು ಪ್ರಯೋಗಾಲಯದಲ್ಲಿ ಸಂಶ್ಲೇಷಿಸಿ ಆನುವಂಶಿಕ ಸಂಕೇತದ ಅರ್ಥವನ್ನು ಬಿಡಿಸುವುದರಲ್ಲಿ ಪಾತ್ರವಹಿಸಿ, 1968ರ ನೊಬೆಲ್ ಪಾರಿತೋಷಕವನ್ನು ನಿರೆನ್‌ಬರ್ಗ್ ಮತ್ತು ಹಾಲಿಯವರೊಡನೆ ಹಂಚಿಕೊಂಡರು.

ರಚನೆ

ಪ್ರತ್ಯಾಮ್ಲಗಳು ಎರಡು ಕುಲಕ್ಕೆ ಸೇರಿದುವು. ಅಡೆನೀನು, ಗ್ವಾನೀನು ಎಂಬುವು ಎರಡು ಉಂಗುರಗಳುಳ್ಳ ಪ್ಯೂರೀನುಗಳು. ಸೈಟೊಸೀನು, ಥೈಮೀನು, ಯುರಾಸಿಲ್ ಎಂಬುವು ಒಂದೇ ಉಂಗುರದ ಪಿರಿಮಿಡೀನುಗಳು. ಥೈಮೀನು ಸಾಮಾನ್ಯವಾಗಿ ಡಿಎನ್‌ಎಯಲ್ಲಿಯೂ ಯುರಾಸಿಲ್ ಆರ್‌ಎನ್‌ಎಯಲ್ಲಿಯೂ ಇರುತ್ತದೆ. ಪ್ರತ್ಯಾಮ್ಲವೂ ಶರ್ಕರವೂ ಮಾತ್ರ ಕೂಡಿದ್ದರೆ ಅದು ನ್ಯೂಕ್ಲಿಯೊಸೈಡು. ಫಾಸ್ಫೇಟು ಸೇರಿದ ಮೇಲೆಯೇ ಅದಕ್ಕೆ ನ್ಯೂಕ್ಲಿಯೊಟೈಡೆಂಬ ಹೆಸರು ಸಲ್ಲುತ್ತದೆ.

ಡಿಎನ್‌ಎಯಲ್ಲಿ ಇಂಥ ಎರಡು ಸರಪಳಿಗಳು ಪರಸ್ಪರ ವಿರುದ್ಧ ದಿಕ್ಕಿಗೆ ಮುಖಮಾಡಿ, ಸಾಮಾನ್ಯ ತಿರುಪುಮೊಳೆಯ ಎಳೆಯಂತೆ ಬಲಮುರಿಯಾಗಿ ಒಂದೇ ಅಕ್ಷದ ಸುತ್ತ ಸುತ್ತಿಕೊಂಡಿರುವುವು. ಶರ್ಕರ ಮತ್ತು ಫಾಸ್ಫೇಟುಗಳು ಹೊರಮೈಯಲ್ಲಿ, ಪ್ರತ್ಯಾಮ್ಲಗಳು ಒಳಗೆ. ಅಡೆನೀನು ಥೈಮೀನಿನೊಡನೆ ಎರಡು ಹೈಡ್ರೊಜನ್ ಬಂಧಗಳಿಂದಲೂ ಗ್ವಾನೀನು ಸೈಟೊಸೀನಿನೊಡನೆ ಮೂರು ಬಂಧಗಳಿಂದಲೂ ಜೋಡಿಯಾಗುವುವು. ಆದಕಾರಣ ಒಂದು ಎಳೆಯ ಕ್ರಮ ತಿಳಿದರೆ ಇನ್ನೊಂದರ ಕ್ರಮ ತಾನಾಗಿ ತಿಳಿಯುತ್ತದೆ. ಜೀವಕೋಶ ವಿಭಜನೆಯಾಗುವಾಗ ಎರಡು ಎಳೆಗಳೂ ಬಿಚ್ಚಿಕೊಂಡು, ಒಂದೊಂದೂ ತನ್ನ ಜತೆಯ ಎಳೆಗೆ ಅಚ್ಚಾಗುವುದು ಈ ನಿಯಮದಿಂದಲೇ ಸಾಧ್ಯವಾಗಿದೆ. ಸುರುಳಿಯ ವ್ಯಾಸ ಸುಮಾರು 2 ನ್ಯಾನೊಮೀಟರು, ಒಂದು ಜೋಡಿಗೂ ಮುಂದಿನದಕ್ಕೂ ಅಂತರ 0.34 ನ್ಯಾನೊಮೀಟರು. ಮಾನವನ ಒಂದು ಜೀವಕೋಶದ 46 ವರ್ಣತಂತುಗಳಲ್ಲಿರುವ ಡಿಎನ್‌ಎಯನ್ನು ಬಿಡಿಸಿ ತುದಿಗೆ ತುದಿ ಸೇರಿಸಿದರೆ ಅದು ಸುಮಾರು 2 ಮೀಟರು ಉದ್ದವಾಗುತ್ತದೆ. ಅದು ಕೋಶಕೇಂದ್ರದಲ್ಲಿ ಅಡಕವಾಗಿರುವುದು ಹಿಸ್ಟೋನುಗಳೆಂಬ ಪ್ರೋಟೀನುಗಳ ಸುತ್ತ ಸುತ್ತಿಕೊಂಡು. ಆ ಅಡಕದ ಸ್ವರೂಪವೂ ಅದನ್ನು ಸಡಿಲಿಸುವ ಕಿಣ್ವಗಳ ಕ್ರಿಯೆಯೂ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ (ಸ್ಥಾಪನೆ 1989) ಎಂ.ಆರ್.ಎಸ್. ರಾವ್, ತಪಸ್ ಕುಂಡು ಮೊದಲಾದವರ ದೀರ್ಘಕಾಲದ ಅಧ್ಯಯನವಿಷಯಗಳು.

ಇಲ್ಲಿ ಗಮನಿಸತಕ್ಕ ಒಂದು ಸೂಕ್ಷ್ಮವೆಂದರೆ ಶರ್ಕರದ ಉಂಗುರ ಸಮತಲವಾಗಿಲ್ಲದಿರುವುದು. ಅದರ ಐದು ಪರಮಾಣುಗಳಲ್ಲಿ ಒಂದು, ಎರಡನೆಯ ಅಥವಾ ಮೂರನೆಯ ಇಂಗಾಲ, ಮಿಕ್ಕವುಗಳ ತಲದಿಂದ ಮೇಲಕ್ಕೆದ್ದು ಉಂಗುರ ಕೊಂಚ ಮಡಿಚಿಕೊಂಡಂತಿರುತ್ತದೆ. ಎದ್ದಿರುವುದು ಎರಡನೆಯದೋ ಮೂರನೆಯದೋ ಎಂಬುದರಿಂದ ಅಕ್ಕಪಕ್ಕದ ಫಾಸ್ಫೇಟುಗಳ ಅಂತರ ಬದಲಾಗಿ, ಅದರೊಡನೆ ಇಡೀ ಸುರುಳಿಯ ಆಕಾರವೂ ಬದಲಾಗುವುದು. ಬೆಂಗಳೂರಿನ ಮೊದಲ ಸಂಶೋಧನೆಗಳು ಬಹುಪಾಲು ಈ ಸೂಕ್ಷ್ಮದ ಮೇಲೆಯೇ ನಿಂತುವು.

ರೂಪಭೇದಗಳು

ಜೀವಕೋಶದಲ್ಲಿ ಸಾಮಾನ್ಯವಾಗಿರುವ ಡಿಎನ್‌ಎಗೆ ಬಿ-ರೂಪವೆಂದು ಹೆಸರು. ಇದರ ಒಂದು ಸುತ್ತಿನಲ್ಲಿ ಸುಮಾರು ಹತ್ತೂವರೆ ಜೋಡಿಗಳಿರುವುವು. ತೇವ ಕಡಮೆಯಾದಾಗ ಅದು ಕುಗ್ಗಿ ದಪ್ಪನಾಗಿ, ಸುತ್ತಿಗೆ 11 ಜೋಡಿಗಳುಳ್ಳ ಎ-ರೂಪ ತಾಳುವುದು. ಆರ್‌ಎನ್‌ಎಯ ಜೋಡಿ ಎಳೆಗಳಿಗೆ ಇದೇ ಸಹಜರೂಪ. ಸೈಟೊಸೀನು ಗ್ವಾನೀನುಗಳು ಒಂದಾದ ಮೇಲೊಂದು ಬರುವ ತುಣುಕುಗಳು ವಿಶಿಷ್ಟ ಸನ್ನಿವೇಶಗಳಲ್ಲಿ ಎಡಮುರಿಯಾದ, ಸುತ್ತಿಗೆ 12 ಜೋಡಿಗಳ ಝಡ್-ರೂಪಕ್ಕೆ ತಿರುಗಬಲ್ಲುವು.

ಆಕಾರದ ಅನ್ವೇಷಣೆ ಬೆಂಗಳೂರಿನಲ್ಲಿ

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ವಿಭಾಗ 1921ರಷ್ಟು ಹಿಂದೆಯೇ ಏರ್ಪಟ್ಟಿತ್ತಾದರೂ, ಜೀವಾಣುಗಳ ರಚನೆಯನ್ನು ಭೌತವಿಜ್ಞಾನದ ದೃಷ್ಟಿಯಿಂದ ವಿವೇಚಿಸುವ ಪರಂಪರೆ ನೆಲೆಯೂರಿದುದು 1971ರಲ್ಲಿ, ಜಿ.ಎನ್. ರಾಮಚಂದ್ರನ್ ಅವರು ಅಣುಜೀವಭೌತ ವಿಭಾಗವನ್ನು ಸ್ಥಾಪಿಸಿದಂದಿನಿಂದ. ಇದೇ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದು, ಮದರಾಸಿನಲ್ಲಿ ಕೊಲ್ಯಾಜನ್ನಿನ ಮುಪ್ಪುರಿ ಸುರುಳಿಯನ್ನೂ ಪ್ರೋಟೀನು ಸರಪಳಿಯ ತಿರುವುಗಳ ಸಾಧ್ಯಾಸಾಧ್ಯತೆಯನ್ನು ತೋರಿಸುವ ಪ್ರಸಿದ್ಧ ನಕ್ಷೆಯನ್ನೂ ರೂಪಿಸಿದ್ದ ರಾಮಚಂದ್ರನ್ ಅವರ ವಿಧಾನ, ಪರಮಾಣುಗಳು ಒಂದಕ್ಕೊಂದು ತಾಗದಂತೆ ಸರಪಳಿ ಎಷ್ಟು ಬಗೆಯಲ್ಲಿ ಬಾಗಬಲ್ಲುದೆಂದು ಲೆಕ್ಕಹಾಕಿ ನೋಡುವುದು. ಆ ನಕ್ಷೆಯ ಸಹಕರ್ತೃವಾದ ವಿ. ಶಶಿಶೇಖರನ್ ಅವರು ಅದೇ ವಿಧಾನವನ್ನು ನ್ಯೂಕ್ಲಿಯೊಟೈಡು ಸರಪಳಿಗೆ ಅನ್ವಯಿಸಿದರು.

ಲೆಕ್ಕದಿಂದ ಹೊರಟ ಫಲ ಆ ಕಾಲಕ್ಕೆ ಧೈರ್ಯದ್ದು. ಪ್ರತ್ಯಾಮ್ಲಗಳ ಜೋಡಣೆಯ ನಿಯಮವನ್ನು ಒಂದಿಷ್ಟೂ ಮುರಿಯದೆ ಸರಪಳಿ ಎಡಮುರಿಯಾಗಿಯೂ ಸುತ್ತಬಲ್ಲುದೆಂದೂ, ಬಲಮುರಿ ಮತ್ತು ಎಡಮುರಿಯ ಚಿಕ್ಕ ತುಣುಕುಗಳು ಒಂದಾದ ಮೇಲೊಂದು ಬಂದರೆ ಎರಡು ಎಳೆಗಳು ಹೆಣೆದುಕೊಳ್ಳದೆ ಪಕ್ಕಪಕ್ಕದಲ್ಲಿಯೇ ಸಾಗಬಹುದೆಂದೂ ಶಶಿಶೇಖರನ್ ಮತ್ತು ಅವರ ಸಹೋದ್ಯೋಗಿಗಳು 1976ರಿಂದ 1978ರವರೆಗಿನ ಲೇಖನಗಳಲ್ಲಿ ಪ್ರತಿಪಾದಿಸಿದರು. ನ್ಯೂಜಿಲೆಂಡಿನ ರಾಡ್ಲಿ ಮತ್ತು ಸಂಗಡಿಗರು 1976ರಲ್ಲಿಯೇ ಪ್ರತ್ಯೇಕವಾಗಿ ಇಂಥದೇ ಮಾದರಿಯನ್ನು ಮುಂದಿಟ್ಟಿದ್ದರು. ಲಕ್ಷಾಂತರ ಸುತ್ತುಗಳುಳ್ಳ ಅಣುವಿನ ಎಳೆಗಳು ನಕಲಾಗುವಾಗ ಬಿಚ್ಚಿಕೊಳ್ಳುವ ಬಗೆ ಹೇಗೆಂಬ ತೊಡಕಿಗೆ ಈ ಮಾದರಿ ಸರಳವಾದ ಉತ್ತರ ಕೊಡುತ್ತಿದ್ದುದೇ ಅದರ ಆಕರ್ಷಣೆ. ಆದರೆ 1979ರಲ್ಲಿ ಕ್ರಿಕ್, ಜೇಮ್ಸ್ ವಾಂಗ್, ವಿಲಿಯಂ ಬಾವರ್ ಇವರು, ಬಳೆಯಂತೆ ತುದಿ ಕೂಡಿದ ಡಿಎನ್‌ಎ ಅಣುಗಳಲ್ಲಿ ಎಳೆಗಳು ಒಂದನ್ನೊಂದು ಎಷ್ಟು ಸಲ ಸುತ್ತುತ್ತವೆಂಬುದನ್ನು ಪ್ರಯೋಗಗಳಿಂದಲೇ ಎಣಿಸಬಹುದಾದ್ದರಿಂದ, ದ್ರಾವಣದಲ್ಲಿ ಡಿಎನ್‌ಎ ಹೆಣೆದ ದ್ವಿಸುರುಳಿಯೇ ಎಂಬುದು ನಿಸ್ಸಂದೇಹವೆಂದು ವಾದಿಸಿದರು. 1980ರಲ್ಲಿ ಪ್ರಕಟವಾದ, 12 ಜೋಡಿಗಳುಳ್ಳ ಬಲಮುರಿ ಬಿ-ಡಿಎನ್‌ಎಯ ಸ್ಫಟಿಕರಚನೆ ಆ ವಾದಕ್ಕೆ ಪುಷ್ಟಿಕೊಟ್ಟಿತು. ಪಕ್ಕಪಕ್ಕದ ಎಳೆಗಳ ಮಾದರಿ ಅಲ್ಲಿಗೆ ತ್ಯಕ್ತವಾಯಿತು. ಎಡಮುರಿ ಡಿಎನ್‌ಎ ಸಾಧ್ಯವೆಂಬ ಅದರ ಒಂದು ಭಾಗ ಮಾತ್ರ, 1979ರಲ್ಲಿ ಅಲೆಗ್ಸಾಂಡರ್ ರಿಚ್ ಅವರ ತಂಡ ಝಡ್-ರೂಪವನ್ನು ಸ್ಫಟಿಕದಲ್ಲಿ ಕಂಡದ್ದರಿಂದ, ಬೇರೊಂದು ಆಕಾರದಲ್ಲಿ ದೃಢಪಟ್ಟಿತು. ಒಂದು ಸಿದ್ಧಾಂತವಾಗಿ ಸೋತರೂ, ಎಲ್ಲರೂ ಸಿದ್ಧವೆಂದು ಭಾವಿಸಿದ್ದ ವಿಷಯಕ್ಕೆ ಪ್ರಮಾಣವನ್ನು ಮತ್ತೆ ಒದಗಿಸುವಂತೆ ದ್ವಿಸುರುಳಿಯ ಕರ್ತೃಗಳಲ್ಲೊಬ್ಬರಾದ ಕ್ರಿಕ್ ಅವರನ್ನೇ ಒತ್ತಾಯಿಸಿದ ಕಾರಣ ಈ ಮಾದರಿಗೆ ವಿಜ್ಞಾನದ ಇತಿಹಾಸದಲ್ಲಿ ಸ್ಥಾನವಿದೆ.

ಲೆಕ್ಕದ ಮಾರ್ಗಕ್ಕೆ ಸಮಾನಾಂತರವಾಗಿ ಅದೇ ಸಂಸ್ಥೆಯ ಭೌತವಿಜ್ಞಾನ ವಿಭಾಗದಲ್ಲಿ ಎಂ.ಎ. ವಿಶ್ವಾಮಿತ್ರ ಅವರು ಸ್ಫಟಿಕವಿಜ್ಞಾನದ ಮಾರ್ಗವನ್ನು ಹಿಡಿದರು. ಫಾಸ್ಫೊಲಿಪಿಡುಗಳ ಸಂಶ್ಲೇಷಣೆಗೆ ಅಗತ್ಯವಾದ ಸೈಟಿಡಿನ್ ಡೈಫಾಸ್ಫೊಕೋಲಿನ್ ಎಂಬ ನ್ಯೂಕ್ಲಿಯೊಟೈಡಿನ ರಚನೆಯನ್ನು 1975ರಲ್ಲಿ ಪ್ರಕಟಿಸಿದ ಅವರು, 1978ರಲ್ಲಿ ಕೇಂಬ್ರಿಜ್‌ನ ಓಲ್ಗಾ ಕೆನಾರ್ಡ್ ಮತ್ತಿತರರೊಡನೆ, ಅಡೆನೀನು ಥೈಮೀನುಗಳು ಎರಡೆರಡು ಸಲ ಬರುವ ನಾಲ್ಕು ನ್ಯೂಕ್ಲಿಯೊಟೈಡುಗಳ ಡಿಎನ್‌ಎ ತುಣುಕಿನ ರಚನೆಯನ್ನು, ಪರಮಾಣುಗಳು ಬಿಡಿಬಿಡಿಯಾಗಿ ಕಾಣುವಷ್ಟು ಸ್ಪಷ್ಟವಾಗಿ, ‘ನೇಚರ್’ ಪತ್ರಿಕೆಯಲ್ಲಿ ಬೆಳಕಿಗೆ ತಂದರು. ಅದುವರೆಗಿನ ಡಿಎನ್‌ಎ ದ್ವಿಸುರುಳಿಯ ಜ್ಞಾನ ಬಹುಮಟ್ಟಿಗೆ ನಾರುಗಳ ಮಸಕು ಚಿತ್ರಗಳಿಂದ ಊಹಿಸಿದ್ದಾದ್ದರಿಂದ ಇದು ಮಹತ್ತ್ವದ ಹೆಜ್ಜೆ. ಆ ಸ್ಫಟಿಕದಲ್ಲಿ ಎಳೆ ಬಲಮುರಿಯಾಗಿಯೇ ಇತ್ತು. ಆದರೆ ಅಡೆನೀನಿಗೆ ಅಂಟಿದ ಶರ್ಕರಗಳಲ್ಲಿ ಮೂರನೆಯ ಇಂಗಾಲವೂ ಥೈಮೀನಿಗೆ ಅಂಟಿದವುಗಳಲ್ಲಿ ಎರಡನೆಯದೂ ಮೇಲಕ್ಕೆದ್ದು, ಮಡಿಕೆ ಒಂದು ಬಿಟ್ಟೊಂದು ಬದಲಾಗುತ್ತಿತ್ತು. ಅಂದರೆ ಡಿಎನ್‌ಎ ಉದ್ದಕ್ಕೂ ಒಂದೇ ಅಚ್ಚಿನದಲ್ಲ, ಅಕ್ಷರಗಳ ಕ್ರಮಕ್ಕೆ ತಕ್ಕಂತೆ ಅದರ ಮೈ ಅಲ್ಲಲ್ಲಿ ಬೇರೆಯಾಗುತ್ತದೆ. ಇದರ ಆಧಾರದಿಂದ ಏರನ್ ಕ್ಲುಗ್, ವಿಶ್ವಾಮಿತ್ರ, ಕೆನಾರ್ಡ್ ಮೊದಲಾದವರು 1979ರಲ್ಲಿ, ಡಿಎನ್‌ಎಯ ಮೇಲೆ ಕೂರಬೇಕಾದ ಪ್ರೋಟೀನುಗಳು ತಮ್ಮ ಸ್ಥಾನವನ್ನು ಈ ಆಕಾರಭೇದದಿಂದ ಗುರುತಿಸಬಹುದೆಂದು ಸೂಚಿಸಿದರು.

ಈ ವಿಚಾರವನ್ನು ಅಣುಜೀವಭೌತ ವಿಭಾಗದಲ್ಲಿ ಮಂಜು ಬನ್ಸಾಲ್ ಅವರು ಮುಂದುವರಿಸಿದರು. ಡಿಎನ್‌ಎ ಎಲ್ಲಿ ಬಾಗುತ್ತದೆ, ಎಲ್ಲಿ ಸುಲಭವಾಗಿ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಅಕ್ಷರಕ್ರಮದಿಂದ ಗಣಿಸಿ, ಆನುವಂಶಿಕ ಗುಣಗಳನ್ನು ನಿರ್ಧರಿಸುವ ಭಾಗಗಳಾದ ಜೀನುಗಳ ಆರಂಭಕ್ಕೆ ಮೊದಲಿನ ಭಾಗದಲ್ಲಿ ಎಳೆಗಳ ಬಂಧ ಸುತ್ತಲಿನದಕ್ಕಿಂತ ದುರ್ಬಲವಾಗಿರುವುದರಿಂದ ಆ ದೌರ್ಬಲ್ಯವನ್ನೇ ಕುರುಹಾಗಿ ಹಿಡಿದು ಜೀನುಗಳ ನಿಯಂತ್ರಣ ಸ್ಥಾನಗಳನ್ನು ಪತ್ತೆಮಾಡುವ ಗಣಕವಿಧಾನವನ್ನು ಅವರ ತಂಡ ರೂಪಿಸಿತು.

ಜೀವಕೋಶದಲ್ಲಿ ಕಾರ್ಯ

ನ್ಯೂಕ್ಲಿಯೊಟೈಡುಗಳ ಪಾತ್ರ ಆನುವಂಶಿಕತೆಗಷ್ಟೇ ಸೀಮಿತವಲ್ಲ. ಎಟಿಪಿ ಸಕಲ ಜೀವಕೋಶಗಳಲ್ಲಿ ಶಕ್ತಿಯ ವಿನಿಮಯ ಸಾಧನ. ಆವರ್ತ ಎಎಂಪಿ ಹಾರ್ಮೋನುಗಳ ಸಂದೇಶವನ್ನು ಕೋಶದೊಳಕ್ಕೆ ಒಯ್ಯುತ್ತದೆ. ಎನ್‌ಎಡಿ, ಎಫ್‌ಎಡಿ, ಸಹಕಿಣ್ವ-ಎ ಇವುಗಳ ಅಂಗವಾಗಿಯೂ ನ್ಯೂಕ್ಲಿಯೊಟೈಡು ಇರುವುದು. ಪ್ಯೂರೀನುಗಳು ಮಾನವಶರೀರದಲ್ಲಿ ಕ್ಷಯಿಸಿ ಯೂರಿಕ್ ಆಮ್ಲವಾಗುವುವು. ಅದು ಮಿತಿಮೀರಿ ಕೀಲುಗಳಲ್ಲಿ ಹರಳುಗಟ್ಟಿದರೆ ಗೌಟ್ ಎಂಬ ಕೀಲುಬೇನೆ ಉಂಟಾಗುತ್ತದೆ.

ಡಿಎನ್‌ಎ ಸ್ಥಿರವಾದ ಅಣುವೆಂಬುದು ಅರ್ಧಸತ್ಯ. ಸೈಟೊಸೀನು ನೀರಿನ ಸಂಪರ್ಕದಲ್ಲಿ ತನ್ನ ಅಮೈನೊ ಗುಂಪನ್ನು ಕಳೆದುಕೊಂಡು ತಾನಾಗಿಯೇ ಯುರಾಸಿಲ್ ಆಗುತ್ತಿರುವುದು. ಸರಿಪಡಿಸದಿದ್ದರೆ ಮುಂದಿನ ನಕಲಿನಲ್ಲಿ ಅಕ್ಷರವೇ ಬದಲಾದೀತು. ಡಿಎನ್‌ಎಯಲ್ಲಿ ಯುರಾಸಿಲ್ಲಿಗೆ ಬದಲು ಥೈಮೀನು ಇರುವುದರಿಂದಲೇ, ಅಲ್ಲಿ ಕಂಡ ಯುರಾಸಿಲ್ಲೆಲ್ಲ ದೋಷವೆಂದು ಗುರುತಿಸಿ ಕಿತ್ತುಹಾಕುವುದು ಕಿಣ್ವಕ್ಕೆ ಸಾಧ್ಯವಾಗುತ್ತದೆ. ಈ ಕಿಣ್ವವನ್ನು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಮೇಶ್ ವಾರ್ಷ್ಣೆ ಅವರು ವಿಶದವಾಗಿ ಅಭ್ಯಸಿಸಿದ್ದಾರೆ. ತುಂಡಾದ ಡಿಎನ್‌ಎ ಮರಳಿ ಕೂಡುವ ಬಗೆ ಸತೀಶ್ ರಾಘವನ್ ಅವರ ವಿಷಯ. ಆ ಜೋಡಣೆಯನ್ನು ತಡೆದು ಕ್ಯಾನ್ಸರ್ ಕೋಶಗಳನ್ನು ನಾಶಮಾಡಬಲ್ಲ ಎಸ್‌ಸಿಆರ್7 ಎಂಬ ಸಂಯುಕ್ತವನ್ನು ಅವರ ತಂಡ 2012ರಲ್ಲಿ ವರ್ಣಿಸಿತು. ಸುರುಳಿಯ ಮುರಿಯನ್ನು ಹೆಚ್ಚುಕಡಮೆ ಮಾಡುವ ಗೈರೇಸ್ ಕಿಣ್ವದ ಮೇಲೆ, ವಿಶೇಷವಾಗಿ ಕ್ಷಯರೋಗದ ಬ್ಯಾಕ್ಟೀರಿಯದ ಸಂಬಂಧದಲ್ಲಿ, ವಿ. ನಾಗರಾಜ ಅವರ ಕೆಲಸ ಪ್ರಮುಖವಾದುದು.

ಅಕ್ಷರಸಾಲಿನ ವಾಚನ

ಡಿಎನ್‌ಎಯ ಕ್ರಮವನ್ನು ಓದುವ ವ್ಯವಹಾರಯೋಗ್ಯ ವಿಧಾನ 1977ರಲ್ಲಿ ಫ್ರೆಡರಿಕ್ ಸ್ಯಾಂಗರ್ ಅವರಿಂದಲೂ, ಅತ್ಯಲ್ಪ ಡಿಎನ್‌ಎಯನ್ನು ಕೋಟಿಪಾಲು ಹೆಚ್ಚಿಸುವ ಪಿಸಿಆರ್ ವಿಧಾನ 1983ರಲ್ಲಿ ಕೇರಿ ಮುಲ್ಲಿಸ್ ಅವರಿಂದಲೂ ಪ್ರಾಪ್ತವಾದುವು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1962ರಲ್ಲಿ ಅಣುಜೀವವಿಜ್ಞಾನ ವಿಭಾಗವನ್ನು ಆರಂಭಿಸಿದ್ದ ಒಬೈದ್ ಸಿದ್ದೀಕಿ ಅವರು 1990ರ ದಶಕದ ಆದಿಯಲ್ಲಿ ಬೆಂಗಳೂರಿಗೆ ಬಂದು ಕಟ್ಟಿದ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್, ಹೆಬ್ಬಾಳಕ್ಕೂ ಯಲಹಂಕಕ್ಕೂ ನಡುವೆ ಬಳ್ಳಾರಿ ರಸ್ತೆಯ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿದೆ. ಇಲ್ಲಿ ಆರ್. ಸೌಧಾಮಿನಿ ಅವರ ತಂಡ 2015ರಲ್ಲಿ ಕೃಷ್ಣತುಳಸಿಯ ಜೀನೋಮನ್ನು, ಅಂದರೆ ಅದರ ಸಮಗ್ರ ಡಿಎನ್‌ಎ ಕ್ರಮವನ್ನು, ಸುಮಾರು 37 ಕೋಟಿ 40 ಲಕ್ಷ ಅಕ್ಷರಗಳಷ್ಟು, ಜೋಡಿಸಿ ಪ್ರಕಟಿಸಿತು. ಉಮಾ ರಾಮಕೃಷ್ಣನ್ ಅವರ ತಂಡ ಒಡಿಶಾದ ಸಿಮಿಲಿಪಾಲದ ಅಗಲವಾದ ಕಪ್ಪುಪಟ್ಟೆಗಳುಳ್ಳ ಹುಲಿಗಳಲ್ಲಿ ಆ ಬಣ್ಣಕ್ಕೆ ಕಾರಣವಾದ ಜೀನಿನ ವ್ಯತ್ಯಯವನ್ನು 2021ರಲ್ಲಿ ಗುರುತಿಸಿತು.

ಅದೇ ಆವರಣದ ಕೃಷಿ ವಿಶ್ವವಿದ್ಯಾನಿಲಯದ ಮೂಲ, 1899ರಲ್ಲಿ ಹೆಬ್ಬಾಳದಲ್ಲಿ ಮೈಸೂರು ಸಂಸ್ಥಾನ ತೆರೆದ ಪ್ರಯೋಗಕ್ಷೇತ್ರ. ಕನ್ನಡನಾಡಿನ ಮುಖ್ಯ ಆಹಾರವಾದ ರಾಗಿಯ ಜೀನೋಮು ಇಲ್ಲಿಂದಲೇ ಹೊರಬಂದುದು ಯುಕ್ತವಾಗಿದೆ. ಶೈಲಜಾ ಹಿತ್ತಲಮನಿ ಮತ್ತು ಸಹೋದ್ಯೋಗಿಗಳು ಎಂಎಲ್-365 ತಳಿಯ ಜೀನೋಮಿನ ಸುಮಾರು 120 ಕೋಟಿ ಅಕ್ಷರಗಳನ್ನು ಜೋಡಿಸಿ, 85,243 ಜೀನುಗಳನ್ನು ಎಣಿಸಿ, ಬರ ಸಹಿಷ್ಣುತೆ ಮತ್ತು ಸುಣ್ಣದಂಶದ ಶೇಖರಣೆಗೆ ಸಂಬಂಧಿಸಿದವುಗಳನ್ನು ಬೊಟ್ಟುಮಾಡಿ 2017ರಲ್ಲಿ ಪ್ರಕಟಿಸಿದರು. ರಾಗಿ ಎರಡು ಪೂರ್ವಜ ಹುಲ್ಲುಗಳ ವರ್ಣತಂತುಗಳು ಕೂಡಿ ಆದ, 36 ವರ್ಣತಂತುಗಳ ಸಸ್ಯವಾದ್ದರಿಂದ, ಒಂದನ್ನೊಂದು ಹೋಲುವ ಎರಡು ಪ್ರತಿಗಳನ್ನು ಬೇರ್ಪಡಿಸಿ ಜೋಡಿಸುವುದು ಭತ್ತದ ಜೀನೋಮಿಗಿಂತ ಬಹಳ ಕಷ್ಟದ ಕೆಲಸ. 2018ರಲ್ಲಿ ಪಿಆರ್-202 ಎಂಬ ಇನ್ನೊಂದು ತಳಿಯ ಜೀನೋಮು ಸ್ವಿಟ್ಸರ್ಲೆಂಡಿನ ಜ್ಯೂರಿಕ್ ವಿಶ್ವವಿದ್ಯಾನಿಲಯದ ಸಹಯೋಗದಲ್ಲಿ ಸಿದ್ಧವಾಯಿತು.

ಉಪಯೋಗಗಳು

ಬೇಸಾಯದಲ್ಲಿ, ಬೇಕಾದ ಗುಣಕ್ಕೆ ಹತ್ತಿರವಿರುವ ಡಿಎನ್‌ಎ ಗುರುತನ್ನು ಸಸಿಯ ಎಲೆಯಲ್ಲಿಯೇ ನೋಡಿ ತಳಿಯನ್ನು ಆರಿಸುವ ವಿಧಾನದಿಂದ, ಗದ್ದೆಯಲ್ಲಿ ನೀರು ನಿಲ್ಲಿಸದೆ ಬೆಳೆಯಬಹುದಾದ ಎಂಎಎಸ್ 946-1 ಎಂಬ ಭತ್ತ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದಲೇ ಬಂದಿದೆ.

ಕೀಟಗಳ ಗುರುತಿಗೆ ಮೈಟೊಕಾಂಡ್ರಿಯದ ಒಂದು ಜೀನಿನ ಸುಮಾರು 650 ಅಕ್ಷರಗಳು ಸಾಕಾಗುತ್ತವೆ. ಡಿಎನ್‌ಎ ಬಾರ್‌ಕೋಡ್ ಎಂದು ಹೆಸರಾದ ಈ ವಿಧಾನವನ್ನು ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಕೇಂದ್ರ ವ್ಯಾಪಕವಾಗಿ ಬಳಸುತ್ತಿದೆ. 2018ರಲ್ಲಿ ಕರ್ನಾಟಕದ ಮುಸುಕಿನ ಜೋಳದ ಹೊಲಗಳಲ್ಲಿ ಕಾಣಿಸಿಕೊಂಡ ಹುಳು ಅಮೆರಿಕ ಮೂಲದ ಫಾಲ್ ಸೈನಿಕ ಹುಳುವೇ ಎಂದು ಖಚಿತಪಡಿಸುವುದರಲ್ಲಿ ಇದು ನೆರವಾಯಿತು. ಮರಿಹುಳುವನ್ನು ಕಣ್ಣಿನಿಂದ ಮಾತ್ರ ನೋಡಿ ಜಾತಿ ಹೇಳುವುದು ಎಷ್ಟೋ ವೇಳೆ ಕಷ್ಟವಾದ್ದರಿಂದ, ಹೊಸ ಪಿಡುಗಿನ ಮೊದಲ ದಿನಗಳಲ್ಲಿ ಈ ವಿಧಾನದ ಬೆಲೆ ಹೆಚ್ಚು.

ಪಶುರೋಗಗಳಲ್ಲಿ, 2022ರಲ್ಲಿ ದೇಶದಾದ್ಯಂತ ದನಕರುಗಳನ್ನು ಬಲಿತೆಗೆದುಕೊಂಡ ಚರ್ಮಗಂಟು ರೋಗದ ವೈರಸ್ಸಿನ, ಸುಮಾರು 1 ಲಕ್ಷ 50 ಸಾವಿರ ಅಕ್ಷರಗಳ ಡಿಎನ್‌ಎಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಉತ್ಪಲ್ ತಾತು ಅವರ ನೇತೃತ್ವದಲ್ಲಿ ಓದಿ, ಎರಡು ಭಿನ್ನ ಬಗೆಯ ವೈರಸ್ಸುಗಳು ಹರಡಿದ್ದುವೆಂದು ತೋರಿಸಲಾಯಿತು. ಕೋವಿಡ್ ವೈರಸ್ಸಿನದು ಆರ್‌ಎನ್‌ಎ. ಅದನ್ನು ಡಿಎನ್‌ಎಯಾಗಿ ಪರಿವರ್ತಿಸಿದ ಮೇಲೆಯೇ ಪಿಸಿಆರ್ ಪರೀಕ್ಷೆ ನಡೆಯುವುದು. ಅದರ ರೂಪಾಂತರಗಳ ಮೇಲೆ ಕಣ್ಣಿಡಲು 2020ರ ಡಿಸೆಂಬರಿನಲ್ಲಿ ಏರ್ಪಟ್ಟ ರಾಷ್ಟ್ರೀಯ ಒಕ್ಕೂಟದ ಮೊದಲ ಹತ್ತು ಪ್ರಯೋಗಾಲಯಗಳ ಪೈಕಿ ಎನ್‌ಸಿಬಿಎಸ್ ಆವರಣದ್ದೂ ಸೇರಿತ್ತು.

ಈಗಿನ ಸ್ಥಿತಿ

ಭಾರತದ ಜನಸಮುದಾಯಗಳ ಆನುವಂಶಿಕ ವೈವಿಧ್ಯವನ್ನು ದಾಖಲಿಸಲು 2020ರ ಜನವರಿಯಲ್ಲಿ ಆರಂಭವಾದ ‘ಜೀನೋಮ್‌ಇಂಡಿಯಾ’ ಯೋಜನೆಯಲ್ಲಿ 20 ಸಂಸ್ಥೆಗಳು ಪಾಲ್ಗೊಂಡುವು. ಅವುಗಳ ಸಮನ್ವಯ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರದ ಹೊಣೆಯಾಗಿತ್ತು. ಪಾಶ್ಚಾತ್ಯ ದೇಶಗಳವರ ಜೀನೋಮುಗಳನ್ನೇ ಆಧರಿಸಿದ ರೋಗಸಂಭವದ ಲೆಕ್ಕಗಳು ಒಳವಿವಾಹದಿಂದ ಬೇರ್ಪಟ್ಟು ಬೆಳೆದ ಇಲ್ಲಿಯ ಸಮುದಾಯಗಳಿಗೆ ಸರಿಹೊಂದದಿರುವುದು ಈ ಯೋಜನೆಗೆ ಮುಖ್ಯ ಕಾರಣ. 80ಕ್ಕಿಂತ ಹೆಚ್ಚು ಸಮುದಾಯಗಳ ಸುಮಾರು 10,000 ಜನರ ಸಂಪೂರ್ಣ ಜೀನೋಮುಗಳನ್ನು ಓದಲಾಗಿ, ದತ್ತಾಂಶವನ್ನು 2025ರ ಜನವರಿಯಲ್ಲಿ ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದ ಮೂಲಕ ಸಂಶೋಧಕರಿಗೆ ನಿಯಮಬದ್ಧವಾಗಿ ತೆರೆಯಲಾಯಿತು. ವ್ಯಕ್ತಿಗಳ ಡಿಎನ್‌ಎಯನ್ನು ಗುರುತುಪತ್ತೆಗೆ ಬಳಸುವುದನ್ನು ನಿಯಂತ್ರಿಸಲು 2019ರಲ್ಲಿ ಲೋಕಸಭೆಯಲ್ಲಿ ಮಂಡಿತವಾಗಿದ್ದ ಮಸೂದೆಯನ್ನು ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು.